ನಾವು ಕುಡಿಯುವ ನೀರನ್ನು ಪರೀಕ್ಷಿಸಿದ್ದೇವೆಯೇ?

(ಹುಣ್ಣಿಮೆಯ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಈ ವೇದಿಕೆಯಿಂದ ನೀವು ದೊಡ್ಡ ದೊಡ್ಡ ವಿದ್ವಾಂಸರ ಮಾತು ಕೇಳಿದವರು. ನಾನು ವಿದ್ವಾಂಸನಲ್ಲ. ಸಿವಿಲ್ ಎಂಜಿನಿಯರಿಂಗ್ ಓದಿ, 34 ವರ್ಷ ಸರ್ಕಾರಿ ಕೆಲಸದಲ್ಲಿದ್ದು, ಅದರಲ್ಲಿ ಬಹುಪಾಲು ಹಳ್ಳಿಗಳಿಗೆ ಕುಡಿಯುವ ನೀರು ಕೊಡುವ ಕೆಲಸವನ್ನೇ ಮಾಡಿ ನಿವೃತ್ತನಾದವನು. ಶಿವಾನುಭವದಲ್ಲಿ ನಾನೇನು ಮಾತಾಡಲಿ ಬುದ್ಧಿ ಎಂದು ಕೇಳಿದಾಗ ಪೂಜ್ಯರು, "ನಿಮ್ಮ ಕಾಯಕ ಯಾವುದೋ ಅದನ್ನೇ ಹೇಳಿ" ಎಂದರು. ಆದ್ದರಿಂದ ನೀರಿನ ಬಗ್ಗೆ ಹೇಳುತ್ತೇನೆ. ನೀರು ಉಳಿಸಿ ಎಂಬ ಉಪದೇಶವಲ್ಲ, ಅದನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ನಿಮ್ಮ ಮನೆಯ ಬಿಂದಿಗೆಯಲ್ಲಿರುವ ನೀರಿನೊಳಗೆ ಏನಿದೆ ಎಂಬ ಮಾತು.

ಒಂದು ಪ್ರಶ್ನೆ ಕೇಳುತ್ತೇನೆ, ದಯವಿಟ್ಟು ಕೈ ಎತ್ತಿ. ಹೋದ ಒಂದು ವರ್ಷದಲ್ಲಿ ಸಕ್ಕರೆ ಕಾಯಿಲೆಗೆಂದು ರಕ್ತ ಪರೀಕ್ಷೆ ಮಾಡಿಸಿದವರು ಎಷ್ಟು ಜನ? ಅರ್ಧಕ್ಕಿಂತ ಹೆಚ್ಚು ಕೈಗಳಿವೆ. ಹೊಲದ ಮಣ್ಣು ಪರೀಕ್ಷೆ ಮಾಡಿಸಿದವರು? ಪರವಾಗಿಲ್ಲ, ಇಪ್ಪತ್ತು ಮೂವತ್ತು ಜನ ಇದ್ದೀರಿ. ಮನೆಯಲ್ಲಿ ಕುಡಿಯುವ ನೀರನ್ನು ಒಮ್ಮೆಯಾದರೂ ಪರೀಕ್ಷೆ ಮಾಡಿಸಿದವರು? ಮೂರು ಕೈ. ಅದರಲ್ಲಿ ಒಂದು ಕೈ ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರದು, ಅವರನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಏಕೆ ಮಾಡಿಸಿಲ್ಲ ಎಂದು ಕೇಳಿದರೆ ಎಲ್ಲ ಊರಲ್ಲೂ ನನಗೆ ಸಿಗುವ ಉತ್ತರ ಒಂದೇ. "ನಮ್ಮೂರ ನೀರು ಬಲು ಸಿಹಿ ಸಾರ್. ಕುಡಿದು ನೋಡಿ ಬೇಕಾದರೆ. ಬೇಳೆ ಹಾಕಿದರೆ ಹತ್ತು ನಿಮಿಷಕ್ಕೆ ಬೇಯುತ್ತದೆ." ನೀರಿಗೆ ನಮ್ಮ ಹಿರಿಯರು ಇಟ್ಟುಕೊಂಡಿದ್ದ ಪರೀಕ್ಷೆಗಳು ಇವೇ. ತಿಳಿಯಾಗಿದೆಯೇ, ವಾಸನೆ ಇದೆಯೇ, ನಾಲಿಗೆಗೆ ಹಿತವೇ, ಬೇಳೆ ಬೇಯುತ್ತದೆಯೇ, ಸೀಗೆಪುಡಿ ನೊರೆ ಬರುತ್ತದೆಯೇ. ಕೆರೆ, ಹೊಳೆ, ಸೇದುವ ಬಾವಿಯ ಕಾಲಕ್ಕೆ ಈ ಪರೀಕ್ಷೆಗಳು ಬಹುಮಟ್ಟಿಗೆ ಸಾಕಾಗಿದ್ದವು. ಮುನ್ನೂರು, ಐನೂರು, ಸಾವಿರ ಅಡಿ ಬಂಡೆ ಕೊರೆದು ತೆಗೆದ ನೀರಿಗೆ ಅವು ಸಾಲುವುದಿಲ್ಲ. ಸಾಲುವುದಿಲ್ಲ ಎನ್ನುವುದಕ್ಕಿಂತ, ಒಂದು ವಿಷಯದಲ್ಲಿ ಅವು ನಮ್ಮನ್ನು ತಪ್ಪು ದಾರಿಗೆ ಎಳೆಯುತ್ತವೆ. ಅದು ಹೇಗೆಂದು ಹೇಳಬೇಕಾದರೆ ಕೊಳವೆಬಾವಿ ನಮ್ಮೂರಿಗೆ ಏಕೆ ಬಂತು ಎಂಬಲ್ಲಿಂದ ಶುರು ಮಾಡಬೇಕು.

ಇಲ್ಲಿರುವ ಎಪ್ಪತ್ತು ದಾಟಿದವರಿಗೆ ನಾರುಹುಣ್ಣು ನೆನಪಿರುತ್ತದೆ. ಕಾಲಿನ ಬೊಬ್ಬೆಯಿಂದ ದಾರದ ಹಾಗೆ ಹುಳು ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಎಳೆಯುತ್ತಿದ್ದರು. ಮೆಟ್ಟಿಲು ಬಾವಿಗೆ ಕಾಲಿಟ್ಟು ನೀರು ತುಂಬುವುದರಿಂದ ಬರುತ್ತಿದ್ದ ರೋಗ ಅದು. ಕಾಲರಾ, ಆಮಶಂಕೆಗಳಂತೂ ಪ್ರತಿ ಮಳೆಗಾಲದ ನೆಂಟರು. ಇವುಗಳಿಂದ ಪಾರಾಗಲೆಂದೇ 1970ರ ದಶಕದಿಂದೀಚೆಗೆ ಯುನಿಸೆಫ್ ನೆರವಿನ ಡ್ರಿಲ್ಲಿಂಗ್ ಯಂತ್ರಗಳು ಹಳ್ಳಿ ಹಳ್ಳಿಗೆ ಬಂದವು, ಕೈಪಂಪುಗಳು ಬಂದವು. ಅದು ಸಣ್ಣ ಸಾಧನೆಯಲ್ಲ. ಭಾರತ ನಾರುಹುಣ್ಣಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ಪ್ರಮಾಣಪತ್ರ ಕೊಟ್ಟಿತು. ಇಂದಿನ ಮಕ್ಕಳಿಗೆ ಆ ಹೆಸರೂ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಸಂತೋಷ.

ಆದರೆ ಮೇಲಿನ ನೀರು ಬೇರೆ, ಬಂಡೆಯ ನೀರು ಬೇರೆ. ನಮ್ಮ ಬಯಲುಸೀಮೆಯ ಬಹುಭಾಗದ ಕೆಳಗಿರುವುದು ಗ್ರಾನೈಟ್ ಮತ್ತು ನೈಸ್ ಬಂಡೆ. ಆ ಬಂಡೆಯಲ್ಲಿರುವ ಅಭ್ರಕದಂಥ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಎಂಬ ವಸ್ತು ಸೇರಿಕೊಂಡಿರುತ್ತದೆ. ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತಾಗ ಅದು ನೀರಿಗೆ ಕರಗಿ ಬರುತ್ತದೆ. ಮಳೆ ಕಡಿಮೆಯಾಗಿ, ನಾವು ಆಳ ಆಳಕ್ಕೆ ಹೋದಷ್ಟೂ ಹಳೆಯ ನೀರು ಮೇಲೆ ಬರುತ್ತದೆ. ಪಾವಗಡ, ಶಿರಾ, ಮೊಳಕಾಲ್ಮೂರು, ಜಗಳೂರು, ಬಾಗೇಪಲ್ಲಿ, ಮುಂಡರಗಿ, ಕುಷ್ಟಗಿ ಈ ಹೆಸರುಗಳನ್ನು ನೀವು ಫ್ಲೋರೈಡ್ ಸುದ್ದಿಯ ಜೊತೆಗೆ ಪತ್ರಿಕೆಯಲ್ಲಿ ಓದಿರುತ್ತೀರಿ. ಆ ತಾಲ್ಲೂಕುಗಳ ಹೊರಗಿರುವವರು ಇದು ನಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳುತ್ತಾರೆ. ಬಂಡೆಗೆ ತಾಲ್ಲೂಕಿನ ಗಡಿ ಗೊತ್ತಿಲ್ಲ.

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ನೀರು ಗಡಸಾಗುವುದು ಅದರಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹೆಚ್ಚಾದಾಗ. ಕ್ಯಾಲ್ಸಿಯಂ ಅಂದರೆ ಸುಣ್ಣದ ಅಂಶ. ಈ ಸುಣ್ಣಕ್ಕೂ ಫ್ಲೋರೈಡಿಗೂ ಬಹಳ ನಂಟು. ಎರಡೂ ಎದುರಾದರೆ ಕೂಡಿಕೊಂಡು ನೀರಿನಲ್ಲಿ ಕರಗದ ವಸ್ತುವಾಗಿ ಕೆಳಗೆ ಕೂರುತ್ತವೆ. ಹಾಗಾಗಿ ಸುಣ್ಣದಂಶ ಹೆಚ್ಚಿರುವ, ಬೇಳೆ ಬೇಯದ, ಪಾತ್ರೆಗೆ ಬಿಳಿ ಪೊರೆ ಕಟ್ಟುವ ನೀರಿನಲ್ಲಿ ಫ್ಲೋರೈಡ್ ತೀರ ಮೇಲೇರುವುದು ಕಷ್ಟ. ಸುಣ್ಣ ಕಡಿಮೆಯಿದ್ದು ಸೋಡಾದ ಅಂಶ ಹೆಚ್ಚಿರುವ ಮೆದು ನೀರಿನಲ್ಲಿ ಫ್ಲೋರೈಡನ್ನು ಹಿಡಿದು ಕೂರಿಸುವವರು ಯಾರೂ ಇಲ್ಲ, ಅದು ಸಲೀಸಾಗಿ ಕರಗಿ ಬರುತ್ತದೆ. ಇದೇ ಕಟ್ಟುನಿಟ್ಟಿನ ನಿಯಮವೆಂದು ತಿಳಿಯಬೇಡಿ, ಎರಡೂ ಕೆಟ್ಟಿರುವ ನೀರನ್ನೂ ನಾನು ನೋಡಿದ್ದೇನೆ. ಆದರೆ ಒಟ್ಟಾರೆ ನಡೆ ಹೀಗಿದೆ. ಅಂದರೆ ಯಾವ ನೀರನ್ನು ಅಜ್ಜಿ "ಎಂಥ ಸಿಹಿ ನೀರು, ಎಂಥ ಚೆನ್ನಾಗಿ ಬೇಳೆ ಬೇಯುತ್ತದೆ" ಎಂದು ಮೆಚ್ಚಿಕೊಂಡಳೋ ಅದೇ ನೀರು ಮೊಮ್ಮಗನ ಹಲ್ಲು ಕೆಡಿಸುವ ನೀರಾಗಿರಬಹುದು. ಅವಳು ಗಡಸೆಂದು ಬಟ್ಟೆ ಒಗೆಯಲು ಬಿಟ್ಟ ಬಾವಿಯ ನೀರೇ ಕುಡಿಯಲು ಮೇಲಾಗಿರಬಹುದು.

ಒಂದು ಊರಿನಲ್ಲಿ ನಾನು ಇದನ್ನು ಕಣ್ಣಾರೆ ಕಂಡೆ. ಊರ ಹೆಸರು ಬೇಡ, ಅಲ್ಲಿಯ ಹೆಣ್ಣುಮಕ್ಕಳಿಗೆ ಗಂಡು ಹುಡುಕುವುದು ಈಗಲೇ ಕಷ್ಟವಾಗಿದೆ. ಇನ್ನೂರು ಅಡಿ ಅಂತರದಲ್ಲಿ ಎರಡು ಬೋರ್‌ವೆಲ್. ಒಂದು ದೇವಸ್ಥಾನದ ಮುಂದೆ, ಒಂದು ದನದ ಆಸ್ಪತ್ರೆಯ ಹಿಂದೆ. ಊರೆಲ್ಲ ಸರದಿ ನಿಂತು ಒಯ್ಯುತ್ತಿದ್ದುದು ಮೊದಲನೆಯದರ ನೀರು. ಎರಡನೆಯದು ದನಕ್ಕೆ. ಎರಡರ ಮಾದರಿಯನ್ನೂ ಪ್ರಯೋಗಾಲಯಕ್ಕೆ ಕಳಿಸಿದೆವು. ದನಕ್ಕೆ ಕುಡಿಸುತ್ತಿದ್ದ ನೀರಿನಲ್ಲಿ ಫ್ಲೋರೈಡ್ ಮಿತಿಯೊಳಗಿತ್ತು. ಮಕ್ಕಳಿಗೆ ಕುಡಿಸುತ್ತಿದ್ದ ನೀರಿನಲ್ಲಿ ಮಿತಿಯ ಎರಡರಷ್ಟಕ್ಕೂ ಮೇಲಿತ್ತು.

ಮಿತಿ ಎಂದರೆ ಎಷ್ಟು? ಭಾರತೀಯ ಮಾನಕ ಸಂಸ್ಥೆಯ ಐಎಸ್ 10500 ಎಂಬ ಮಾನದಂಡವಿದೆ, 2012ರಲ್ಲಿ ಪರಿಷ್ಕರಿಸಿದ್ದು. ಅದರ ಪ್ರಕಾರ ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಇದು ಎಷ್ಟು ಸಣ್ಣ ಪ್ರಮಾಣ ಎಂದರೆ, ನಿಮ್ಮ ಮನೆ ಮೇಲಿನ ಸಾವಿರ ಲೀಟರಿನ ಟ್ಯಾಂಕಿಗೆ ಒಂದೂವರೆ ಗ್ರಾಂ. ಎರಡು ಚಿಟಿಕೆ ಉಪ್ಪಿನಷ್ಟು. ಇಷ್ಟನ್ನು ಯಾವ ನಾಲಿಗೆ ಕಂಡುಹಿಡಿದೀತು? ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಈ ಪ್ರಮಾಣದಲ್ಲಿ ರುಚಿಯೂ ಇಲ್ಲ. ಇನ್ನೊಂದು ಲೆಕ್ಕ ನೋಡಿ. ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುವ ಮನುಷ್ಯ ದಿನಕ್ಕೆ ನಾಲ್ಕೈದು ಲೀಟರ್ ಕುಡಿಯುತ್ತಾನೆ. ಅದೇ ನೀರಲ್ಲಿ ಅನ್ನ, ಮುದ್ದೆ, ಸಾರು, ಚಹಾ. ನೆರಳಿನಲ್ಲಿ ಕೂತು ಎರಡು ಲೀಟರ್ ಕುಡಿಯುವವನಿಗೆ ಹೋಗುವುದರ ಎರಡು ಪಟ್ಟು ಫ್ಲೋರೈಡ್ ಈ ದುಡಿಯುವವನ ಹೊಟ್ಟೆಗೆ ಹೋಗುತ್ತದೆ. ಕಾಯಕ ಮಾಡುವವನಿಗೇ ಹೆಚ್ಚು ಪೆಟ್ಟು.

ಪೆಟ್ಟು ಬೀಳುವುದು ಎರಡು ಕಡೆ. ಹಲ್ಲು ಮೂಡುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಈ ನೀರು ಕುಡಿದ ಮಗುವಿನ ಶಾಶ್ವತ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಹಳದಿ, ಕಂದು ಗೀಟು ಬರುತ್ತದೆ. ಹಲ್ಲುಜ್ಜದ ಕೊಳೆಯಲ್ಲ ಅದು. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಶಾಲೆಯಲ್ಲಿ ಕೈಯಿಂದ ಬಾಯಿ ಮುಚ್ಚಿಕೊಂಡು ನಗುವ ಮಕ್ಕಳನ್ನು ನೋಡಿದ್ದೀರಲ್ಲ. ಎರಡನೆಯದು ಮೂಳೆ. ಹೆಚ್ಚು ಫ್ಲೋರೈಡಿನ ನೀರನ್ನು ಹತ್ತು ಇಪ್ಪತ್ತು ವರ್ಷ ಕುಡಿದರೆ ಕುತ್ತಿಗೆ, ಬೆನ್ನು, ಮಂಡಿ ಬಿಗಿಯಾಗುತ್ತವೆ. ಬಗ್ಗಿ ಕಸ ಗುಡಿಸಲಾಗದು, ನೆಲಕ್ಕೆ ಕೂತರೆ ಏಳಲಾಗದು, ತೀರ ಹೆಚ್ಚಾದರೆ ಬೆನ್ನು ಬಾಗಿಯೇ ಹೋಗುತ್ತದೆ. ನಮ್ಮ ದೇಶದಲ್ಲಿ ಇದು ಮೊದಲು ವರದಿಯಾದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಔಷಧಿ ಇಂದಿಗೂ ಇಲ್ಲ. ಬಾರದಂತೆ ನೋಡಿಕೊಳ್ಳುವುದೊಂದೇ ದಾರಿ.

ಇಲ್ಲಿ ನನಗೆ ಕೋಪ ಬರುವ ಒಂದು ವಿಷಯವಿದೆ. ಮೂವತ್ತೈದು ವರ್ಷಕ್ಕೇ ಬಾಗಿಹೋದವರನ್ನು ತೋರಿಸಿ "ಏನು ಮಾಡುವುದು, ಹೋದ ಜನ್ಮದ ಕರ್ಮ" ಎಂದು ನಮ್ಮ ಸಮಾಜದವರೇ ಹೇಳುವುದನ್ನು ಕೇಳಿದ್ದೇನೆ. ಪೂರ್ವಜನ್ಮದ ಲೆಕ್ಕವನ್ನು ಒಪ್ಪದ ಪರಂಪರೆಯವರು ನಾವು ಎಂದು ಭಾಷಣದಲ್ಲಿ ಹೇಳುತ್ತೇವೆ, ಅದೇ ಬಾಯಿಂದ ಹೀಗೂ ಹೇಳುತ್ತೇವೆ. ಅವನ ಕರ್ಮ ಅವನ ಓಣಿಯ ಬೋರ್‌ವೆಲ್ಲಿನಲ್ಲಿದೆ. ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಅಳೆಯಬಹುದು. ಹಾಗೆಯೇ ತೆಂಗಿನಕಾಯಿ ಹಿಡಿದು ಬೋರ್‌ವೆಲ್ ಪಾಯಿಂಟ್ ತೋರಿಸುವವರ ಹಿಂದೆ ಈಗಲೂ ಹೋಗುತ್ತೇವೆ. ಕಾಯಿ ನೆಟ್ಟಗೆ ನಿಂತಿತು ಎನ್ನುತ್ತಾರೆ. ನಿಲ್ಲಲಿ. ಕೆಳಗಿನ ನೀರಿನಲ್ಲಿ ಏನಿದೆ ಎಂದು ಆ ಕಾಯಿ ಹೇಳುತ್ತದೆಯೇ?

ತೆಂಗಿನಕಾಯಿಯನ್ನು ನಂಬದ ಓದಿದವರ ಕೈಯಲ್ಲಿ ಈಗ ಇನ್ನೊಂದು ಬಂದಿದೆ, ಟಿಡಿಎಸ್ ಮೀಟರ್. ಪೆನ್ನಿನ ಹಾಗಿರುತ್ತದೆ, ನೀರಿಗೆ ಅದ್ದಿದರೆ ಒಂದು ಅಂಕಿ ತೋರಿಸುತ್ತದೆ. ಅದು ಕೆಟ್ಟ ಉಪಕರಣವಲ್ಲ, ಆದರೆ ಅದು ಮಾಡುವುದು ಇಷ್ಟೇ: ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ನೋಡಿ, ಒಟ್ಟು ಕರಗಿದ ಲವಣ ಇಷ್ಟಿರಬಹುದು ಎಂದು ಅಂದಾಜು ಹೇಳುತ್ತದೆ. ಯಾವ ಲವಣ ಎಂದು ಅದಕ್ಕೆ ಗೊತ್ತಿಲ್ಲ. 600 ಎಂದು ತೋರಿಸುವ ನೀರಿನಲ್ಲಿ ಫ್ಲೋರೈಡ್ ಅರ್ಧ ಮಿಲಿಗ್ರಾಂ ಇದ್ದರೂ 600, ಮೂರು ಮಿಲಿಗ್ರಾಂ ಇದ್ದರೂ ಹೆಚ್ಚುಕಡಿಮೆ 600. ರೋಗಾಣು ಇದ್ದರಂತೂ ಅದಕ್ಕೆ ಸುಳಿವೇ ಸಿಗುವುದಿಲ್ಲ. ಚರಂಡಿ ಸೇರಿದ ಹೊಳೆ ನೀರು 150 ತೋರಿಸೀತು. ಅಂಕಿ ಚಿಕ್ಕದು ಎಂದು ಕುಡಿಯುತ್ತೀರಾ?

ಯಂತ್ರ ಮಾರಲು ಮನೆಗೆ ಬರುವ ಕೆಲವರು ಮಾಡಿ ತೋರಿಸುವ ಒಂದು ಆಟವನ್ನೂ ನೀವು ತಿಳಿದಿರಬೇಕು. ಎರಡು ಲೋಟ. ಒಂದರಲ್ಲಿ ನಿಮ್ಮ ನಲ್ಲಿಯ ನೀರು, ಒಂದರಲ್ಲಿ ಅವರ ಯಂತ್ರದ ನೀರು. ಕರೆಂಟಿಗೆ ಜೋಡಿಸಿದ ಲೋಹದ ಕಡ್ಡಿಗಳನ್ನು ಇಳಿಬಿಡುತ್ತಾರೆ. ಒಂದೆರಡು ನಿಮಿಷದಲ್ಲಿ ನಿಮ್ಮ ನೀರು ಕಂದು ಬಣ್ಣಕ್ಕೆ ತಿರುಗಿ ಕೊಳೆ ಕೊಳೆಯಾಗುತ್ತದೆ. ಅವರ ನೀರು ತಿಳಿಯಾಗಿಯೇ ಇರುತ್ತದೆ. ತಾಯಂದಿರು ಹೌಹಾರುತ್ತಾರೆ. ಆ ಕೊಳೆ ನಿಮ್ಮ ನೀರಿನದಲ್ಲ, ಆ ಕಡ್ಡಿಯದು. ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಾಗುತ್ತದೆ. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಕಡ್ಡಿ ಕರಗುತ್ತದೆ. ಲವಣ ತೆಗೆದ ನೀರಿನಲ್ಲಿ ಹರಿಯುವುದಿಲ್ಲ, ಕರಗುವುದಿಲ್ಲ. ಅವರ ಶುದ್ಧ ನೀರಿಗೇ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ, ಈಗ ಮಾಡಿ ತೋರಿಸಪ್ಪ ಎನ್ನಿ. ಗಂಟು ಕಟ್ಟಿಕೊಂಡು ಹೊರಡುತ್ತಾರೆ.

ಹಾಗಾದರೆ ಸರಿಯಾದ ಪರೀಕ್ಷೆ ಎಲ್ಲಿ, ಹೇಗೆ? 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್‌ನಿಂದ ಮನೆ ಮನೆಗೆ ನಲ್ಲಿ ಬಂದದ್ದು ಎಲ್ಲರಿಗೂ ಗೊತ್ತು. ಅದೇ ಯೋಜನೆಯಲ್ಲಿ ಇನ್ನೆರಡು ಸಂಗತಿಗಳಿವೆ, ಅವು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಒಂದು, ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕು ಎಂಬುದು. ಎರಡು, ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಗಳು ಸಾರ್ವಜನಿಕರಿಗೂ ತೆರೆದಿರಬೇಕು, ಅಲ್ಪ ಶುಲ್ಕಕ್ಕೆ ಪರೀಕ್ಷೆ ಮಾಡಿಕೊಡಬೇಕು ಎಂಬುದು. ಪಂಚಾಯಿತಿಗೆ ಹೋಗಿ, ನಮ್ಮೂರಲ್ಲಿ ತರಬೇತಿ ಪಡೆದ ಆ ಐವರು ಯಾರು, ಪರೀಕ್ಷೆಯ ಕಿಟ್ ಎಲ್ಲಿದೆ ಎಂದು ಕೇಳಿ. ಹಲವು ಕಡೆ ಕಿಟ್ಟಿನ ಪೆಟ್ಟಿಗೆ ಬೀರುವಿನ ಮೇಲೆ, ಚುನಾವಣೆಯ ಸಾಮಾನಿನ ಪಕ್ಕದಲ್ಲಿ ಸೀಲು ಒಡೆಯದೆ ಕೂತಿರುತ್ತದೆ. ಅದರೊಳಗಿನ ರಾಸಾಯನಿಕಗಳಿಗೆ ಅವಧಿ ಇರುತ್ತದೆ, ತೆಗೆದುಕೊಳ್ಳುವ ಮೊದಲು ದಿನಾಂಕ ನೋಡಿ. ಬಳಕೆ ಕಷ್ಟವಿಲ್ಲ. ಫ್ಲೋರೈಡಿಗೆ, ಅಳತೆಯ ನೀರಿಗೆ ಕೆಂಪು ದ್ರಾವಣದ ಹನಿಗಳನ್ನು ಹಾಕಿದರೆ, ಫ್ಲೋರೈಡ್ ಹೆಚ್ಚಿದಷ್ಟೂ ಬಣ್ಣ ಗುಲಾಬಿಯಿಂದ ಹಳದಿಯ ಕಡೆಗೆ ಹೋಗುತ್ತದೆ. ಪಟ್ಟಿಯ ಜೊತೆ ಹೋಲಿಸಿ ನೋಡುವುದು. ಹತ್ತನೇ ತರಗತಿ ಓದಿದ ಹೆಣ್ಣುಮಗಳು ಸಲೀಸಾಗಿ ಮಾಡಬಲ್ಲಳು, ಮಾಡುತ್ತಲೂ ಇದ್ದಾರೆ. ಕಿಟ್ಟಿನಿಂದ ಸಂಶಯ ಗೊತ್ತಾಗುತ್ತದೆ, ನಿಖರ ಅಂಕಿಗೆ ಪ್ರಯೋಗಾಲಯಕ್ಕೇ ಹೋಗಬೇಕು.

ಮಾದರಿ ತೆಗೆಯುವುದರಲ್ಲೇ ಅರ್ಧ ಪರೀಕ್ಷೆ ಮುಗಿಯುತ್ತದೆ. ಮಾದರಿ ಕೆಟ್ಟರೆ ಎಷ್ಟು ದೊಡ್ಡ ಪ್ರಯೋಗಾಲಯವಾದರೂ ಪ್ರಯೋಜನವಿಲ್ಲ. ರಾಸಾಯನಿಕ ಪರೀಕ್ಷೆಗೆ ಒಂದು ಲೀಟರಿನ ಶುದ್ಧ ಪ್ಲಾಸ್ಟಿಕ್ ಬಾಟಲಿ ಬೇಕು. ಫ್ಲೋರೈಡಿಗೆ ಗಾಜು ಬೇಡ. ಕೂಲ್‌ಡ್ರಿಂಕ್ಸ್ ಬಾಟಲಿ, ಎಣ್ಣೆ ಬಾಟಲಿ ಬೇಡವೇ ಬೇಡ. ಬೋರ್‌ವೆಲ್ ಆದರೆ ಮೋಟಾರು ಹಾಕಿ ಹತ್ತು ನಿಮಿಷ ನೀರು ಹರಿಯಲು ಬಿಡಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ತೊಳೆದು, ಸೋಪು ಮುಟ್ಟಿಸದೆ, ತುಂಬಿ ಮುಚ್ಚಿ. ಚೀಟಿಯಲ್ಲಿ ಊರು, ಯಾವ ಬೋರ್‌ವೆಲ್, ದಿನಾಂಕ, ಸಮಯ ಬರೆದು ಅಂಟಿಸಿ. "ಊರ ನೀರು" ಎಂದು ಬರೆದು ಕಳಿಸುವ ಬಾಟಲಿಗಳು ಬರುತ್ತವೆ. ಊರಲ್ಲಿ ಎಂಟು ಬೋರ್‌ವೆಲ್ ಇದ್ದರೆ ಎಂಟು ಬಾಟಲಿ ಬೇಕು. ಇನ್ನೂರು ಅಡಿಯಲ್ಲಿ ಏನಾಗುತ್ತದೆ ಎಂದು ಆಗಲೇ ಹೇಳಿದೆ. ವರ್ಷಕ್ಕೆ ಎರಡು ಸಲ, ಬೇಸಿಗೆಯ ಕೊನೆಗೊಮ್ಮೆ, ಮಳೆ ಮುಗಿದ ಮೇಲೊಮ್ಮೆ. ಬೋರ್‌ವೆಲ್ ಇನ್ನೂ ಆಳಕ್ಕೆ ಕೊರೆಸಿದರೆ ಹಳೆಯ ವರದಿ ಹರಿದು ಹಾಕಿ, ಅದು ಬೇರೆ ನೀರು.

ರೋಗಾಣು ಪರೀಕ್ಷೆಯ ಕ್ರಮ ಇದಕ್ಕೆ ತದ್ವಿರುದ್ಧ. ಅದಕ್ಕೆ ಪ್ರಯೋಗಾಲಯದವರೇ ಕೊಡುವ ಕ್ರಿಮಿಶುದ್ಧ ಬಾಟಲಿಯನ್ನು ತೊಳೆಯಲೇಬಾರದು, ಬಾಯಿಗೆ ಬೆರಳು ತಾಗಿಸಬಾರದು, ಸ್ವಲ್ಪ ಜಾಗ ಬಿಟ್ಟು ತುಂಬಿ ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸಬೇಕು. ಆಗದಿದ್ದರೆ ಸಣ್ಣ ಸೀಸೆಯ ಪರೀಕ್ಷೆಯಿದೆ, ನಮ್ಮ ದೇಶದ ವಿಜ್ಞಾನಿಗಳೇ ರೂಪಿಸಿ 1982ರಲ್ಲಿ ಪ್ರಕಟಿಸಿದ್ದು. ಔಷಧಿ ಹಚ್ಚಿದ ಕಾಗದ ಒಳಗಿರುತ್ತದೆ. ಗುರುತಿನವರೆಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿಡಿ. ಕಪ್ಪಾದರೆ ಆ ನೀರಿಗೆ ಮಲದ ಸಂಪರ್ಕವಾಗಿರುವ ಸಾಧ್ಯತೆ ಇದೆ ಎಂದು ಅರ್ಥ. ಅಡುಗೆಮನೆಯಲ್ಲಿ ಆ ಕಪ್ಪು ಸೀಸೆಯನ್ನು ನೋಡಿದ ಮೇಲೆ ಯಾರಿಗೂ ಭಾಷಣ ಬೇಕಾಗುವುದಿಲ್ಲ. ಕಪ್ಪಾದರೆ ಕೂಡಲೇ ಕಾಯಿಸಿ ಆರಿಸಿ ಕುಡಿಯಲು ಶುರು ಮಾಡಿ, ಪಂಚಾಯಿತಿಗೆ ತಿಳಿಸಿ, ಪೈಪು ಚರಂಡಿಯೊಳಗೆ ಹಾದುಹೋಗುವ ಜಾಗವನ್ನು ಹುಡುಕಿ. ನೀರು ಬಿಡದ ಹೊತ್ತಿನಲ್ಲಿ ಒಡೆದ ಪೈಪು ಚರಂಡಿಯನ್ನು ಒಳಗೆ ಎಳೆದುಕೊಳ್ಳುತ್ತದೆ. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನೀರು ಕುಡಿದು ಜನ ತೀರಿಕೊಂಡ ಸುದ್ದಿ ನಾವೆಲ್ಲ ಓದಿದ್ದೇವೆ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ಬಾಯಿ ತೆರೆದಿಟ್ಟ ಚೀಲದ ಬ್ಲೀಚಿಂಗ್ ಪುಡಿ ಕೆಲವೇ ವಾರಗಳಲ್ಲಿ ಸತ್ವ ಕಳೆದುಕೊಂಡು ಬರೀ ಸುಣ್ಣವಾಗುತ್ತದೆ, ನೀರಗಂಟಿ ದಿನಾ ಹಾಕಿದರೂ ಉಪಯೋಗವಿಲ್ಲ.

ಒಂದು ಎಚ್ಚರಿಕೆ. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ. ನೈಟ್ರೇಟೂ ಹಾಗೆಯೇ. ತಿಪ್ಪೆ, ಶೌಚದ ಗುಂಡಿ, ಹೊಲಕ್ಕೆ ಸುರಿದ ಯೂರಿಯಾಗಳಿಂದ ಇಳಿದು ಬರುವ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಆ ನೀರಲ್ಲಿ ಪುಡಿ ಹಾಲು ಕಲಸಿ ಬಾಟಲಿಯಲ್ಲಿ ಕುಡಿಸಿದರೆ ಆರು ತಿಂಗಳೊಳಗಿನ ಕೂಸಿನ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟಬಹುದು. ಬಾಣಂತಿಯರಿರುವ ಮನೆಯವರು ಬಾವಿಯಿಂದ ತಿಪ್ಪೆ ಎಷ್ಟು ದೂರವಿದೆ ಎಂದು ಇವತ್ತೇ ನೋಡಿ. ಆರ್ಸೆನಿಕ್ ನಮ್ಮಲ್ಲಿ ಎಲ್ಲ ಕಡೆ ಇಲ್ಲ. ಚಿನ್ನದ ಅದಿರಿನ ಬಂಡೆಯಿರುವ ಕಡೆ, ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕಂಡಿತು, ಬಡ ಲಂಬಾಣಿ ಕುಟುಂಬಗಳು ನರಳಿದವು. ಅದರ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಆಳದ ನೀರಿನಲ್ಲಿ ಯುರೇನಿಯಂ ಕೂಡ ಪತ್ತೆಯಾಗಿದೆ. ಇವೆರಡೂ ಸಾಮಾನ್ಯ ಕಿಟ್ಟಿಗೆ ಸಿಗುವಂಥವಲ್ಲ, ಆ ಭಾಗದವರು ಪ್ರಯೋಗಾಲಯದಲ್ಲಿ ಹೆಸರು ಹೇಳಿಯೇ ಕೇಳಬೇಕು.

ವರದಿ ಕೈಗೆ ಬಂದಾಗ "ಕುಡಿಯಲು ಯೋಗ್ಯ" ಎಂಬ ಒಂದು ಸಾಲನ್ನು ಓದಿ ಮಡಚಿಡಬೇಡಿ. ಅಂಕಿ ಕೇಳಿ. ಫ್ಲೋರೈಡ್ 1.4 ಇದ್ದರೂ ಯೋಗ್ಯ, 0.4 ಇದ್ದರೂ ಯೋಗ್ಯ, ಎರಡೂ ಒಂದೇ ಅಲ್ಲ. ಅಂಕಿ ಬರೆಯದ ವರದಿಯನ್ನು ನಾನಿದ್ದಾಗಲೂ ಒಪ್ಪುತ್ತಿರಲಿಲ್ಲ, ನೀವೂ ಒಪ್ಪಬೇಡಿ.

ಕೆಟ್ಟ ಅಂಕಿ ಬಂದರೆ ಹೆದರಿ ಎಲ್ಲವನ್ನೂ ಮುಚ್ಚಬೇಕಾಗಿಲ್ಲ. ಸ್ನಾನಕ್ಕೆ, ಬಟ್ಟೆಗೆ, ದನಕ್ಕೆ ಬೇರೆ ನೀರಾಗಲಿ. ಕುಡಿಯಲು ಮತ್ತು ಅಡುಗೆಗೆ ತಲೆಗೆ ಏಳೆಂಟು ಲೀಟರ್ ಒಳ್ಳೆಯ ನೀರು ಸಾಕು. ಎಂಟು ಬೋರ್‌ವೆಲ್‌ಗಳಲ್ಲಿ ಒಂದು ಒಳ್ಳೆಯದಿರುತ್ತದೆ, ಅದನ್ನು ಕುಡಿಯುವುದಕ್ಕೆಂದೇ ಮೀಸಲಿಡಿ. ಬಹುಗ್ರಾಮ ಯೋಜನೆಯಲ್ಲಿ ನದಿ ನೀರು ಬರುತ್ತಿದ್ದರೆ ಸಂತೋಷ, ಆದರೆ ನದಿ ನೀರು ಸಾಲದ ದಿನ ಓವರ್‌ಹೆಡ್ ಟ್ಯಾಂಕಿಗೆ ಬೋರ್‌ವೆಲ್ ನೀರು ಸೇರಿಸುವುದುಂಟು, ಆದ್ದರಿಂದ ನಿಮ್ಮ ಮನೆಯ ನಲ್ಲಿಯಿಂದಲೇ ಮಾದರಿ ತೆಗೆಯಿರಿ. ಮಳೆ ನೀರಿನಲ್ಲಿ ಫ್ಲೋರೈಡ್ ಇರುವುದಿಲ್ಲವೆಂದೇ ಹೇಳಬಹುದು. ಶುದ್ಧವಾದ ಚಾವಣಿ, ಮೊದಲ ಮಳೆಯನ್ನು ಹೊರಗೆ ಬಿಡುವ ವ್ಯವಸ್ಥೆ, ಮುಚ್ಚಿದ ತೊಟ್ಟಿ ಇಷ್ಟಿದ್ದರೆ ಒಂದು ಮನೆಯ ಕುಡಿಯುವ ನೀರು ಎಷ್ಟೋ ತಿಂಗಳು ಸಾಗುತ್ತದೆ. ಪಟಿಕ ಮತ್ತು ಸುಣ್ಣ ಹಾಕಿ ಫ್ಲೋರೈಡ್ ಇಳಿಸುವ ನಲ್ಗೊಂಡ ವಿಧಾನವೆಂಬುದು ಇದೆ. ದಿನಾ ಅಳತೆ ತಪ್ಪದೆ ಮಾಡಬೇಕು, ಮನೆಗಳಲ್ಲಿ ಅದು ನಡೆಯುವುದನ್ನು ನಾನು ಹೆಚ್ಚು ಕಂಡಿಲ್ಲ.

ಉಳಿದದ್ದು ಆರ್‌ಓ. ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ಕೊಡುವ ಶುದ್ಧ ನೀರಿನ ಘಟಕ ಈಗ ಊರೂರಲ್ಲಿದೆ. ಚೆನ್ನಾಗಿ ನಡೆಯುವ ಘಟಕ ಫ್ಲೋರೈಡಿನ ಬಹುಪಾಲನ್ನು ತೆಗೆಯುತ್ತದೆ, ಇದನ್ನು ಒಪ್ಪಬೇಕು. ಆದರೆ ಒಳಗಿನ ಪೊರೆ ಸವೆದ ಮೇಲೂ ನೀರು ಬರುತ್ತಲೇ ಇರುತ್ತದೆ, ಹಾಗೆಯೇ ತಿಳಿಯಾಗಿ, ಹಾಗೆಯೇ ತಣ್ಣಗೆ. ಯಂತ್ರ ಓಡುತ್ತಿದೆ ಎಂಬುದು ಶುದ್ಧಿಗೆ ಸಾಕ್ಷಿಯಲ್ಲ. ಅದರ ನೀರನ್ನೂ ಬಾಟಲಿಗೆ ತುಂಬಿ ಕಳಿಸಬೇಕು.

ನಮ್ಮ ಮಠಗಳಲ್ಲೂ ಭಕ್ತರು ಪ್ರೀತಿಯಿಂದ ಆರ್‌ಓ ಯಂತ್ರಗಳನ್ನು ಕೊಡಿಸಿದ್ದಾರೆ. ದಾನಿಗಳು ಬೇಸರ ಮಾಡಿಕೊಳ್ಳಬಾರದು, ಹಲವು ಕಡೆ ಅವರ ಹೆಸರಿನ ಫಲಕ ಯಂತ್ರಕ್ಕಿಂತ ದೊಡ್ಡದಾಗಿರುತ್ತದೆ, ಪೊರೆ ಬದಲಿಸಿದ ದಿನಾಂಕ ಮಾತ್ರ ಎಲ್ಲೂ ಇರುವುದಿಲ್ಲ. ದಾಸೋಹದಲ್ಲಿ ಅಕ್ಕಿ ಬೇಳೆಗೆ ಲೆಕ್ಕವಿದೆ, ನೀರಿಗೂ ಇರಲಿ. ಪ್ರಸಾದ ನಿಲಯದಲ್ಲಿರುವ ಸಣ್ಣ ಮಕ್ಕಳು ಹಲ್ಲು ಮೂಡುವ ವಯಸ್ಸಿನವರು. ಅವರ ಮನೆಯವರು ನಮ್ಮನ್ನು ನಂಬಿ ಬಿಟ್ಟುಹೋಗಿದ್ದಾರೆ. ಆದ್ದರಿಂದ ಪೂಜ್ಯರಲ್ಲಿ ಒಂದು ಬಿನ್ನಹ. ದಾಸೋಹ ಮನೆಯ ನಲ್ಲಿಯ ಮೇಲೆ ಒಂದು ಕರಿಹಲಗೆ ಹಾಕಿಸೋಣ. ಕೊನೆಯ ಸಲ ಪರೀಕ್ಷೆ ಮಾಡಿದ ದಿನ, ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು, ಸೀಸೆ ಕಪ್ಪಾಯಿತೋ ಇಲ್ಲವೋ, ಅಷ್ಟು ಬರೆದರೆ ಸಾಕು. ಬರೆಯುವ ಕೆಲಸ ಒಂಬತ್ತನೇ ತರಗತಿಯ ಮಕ್ಕಳಿಗೆ ಬಿಡೋಣ. ಅಂಕಿ ಕೆಟ್ಟದಾಗಿದ್ದರೂ ಹಾಗೆಯೇ ಬರೆಯಲಿ. ಜಾತ್ರೆಗೆ ಬಂದ ಭಕ್ತರು ಅದನ್ನು ಓದಿ ತಮ್ಮ ಊರಿನ ಶಾಲೆಗೆ, ಅಂಗನವಾಡಿಗೆ ಹೋಗಿ "ನಿಮ್ಮ ಹಲಗೆ ಎಲ್ಲಿ" ಎಂದು ಕೇಳಲಿ.

ಹೊರಗೆ ಪಡಸಾಲೆಯ ಮೇಜಿನ ಮೇಲೆ ಅರವತ್ತು ಹೊಸ ಬಾಟಲಿಗಳನ್ನೂ ಚೀಟಿಗಳನ್ನೂ ಇಟ್ಟಿದ್ದೇನೆ. ಪ್ರಸಾದ ಮುಗಿಸಿ ಹೋಗುವಾಗ ಓಣಿಗೊಬ್ಬರಂತೆ ಒಂದೊಂದು ಒಯ್ಯಿರಿ, ಒಂದೇ ಬೋರ್‌ವೆಲ್ಲಿನ ನೀರು ಕುಡಿಯುವ ನಾಲ್ಕು ಮನೆಯವರು ನಾಲ್ಕು ಒಯ್ಯುವುದು ಬೇಡ. ಸೋಮವಾರ ಬೆಳಿಗ್ಗೆ ತುಂಬಿ, ಚೀಟಿ ಬರೆದು, ಹತ್ತು ಗಂಟೆಯೊಳಗೆ ಮಠದ ಕಚೇರಿಗೆ ತಲುಪಿಸಿ. ಜಿಲ್ಲಾ ಪ್ರಯೋಗಾಲಯಕ್ಕೆ ಒಯ್ಯುವುದು ನನ್ನ ಕೆಲಸ, ಶುಲ್ಕವನ್ನು ಮಠವೇ ಕೊಡುವುದಾಗಿ ಪೂಜ್ಯರು ಹೇಳಿದ್ದಾರೆ. ವರದಿಗಳನ್ನು ಮುಂದಿನ ಹುಣ್ಣಿಮೆಗೆ ಇದೇ ವೇದಿಕೆಯಲ್ಲಿ ಓಣಿಯ ಹೆಸರು ಹಿಡಿದು ಓದುತ್ತೇನೆ. ಬಾಟಲಿ ತೊಳೆಯಲು ಸೋಪು ಹಾಕಬೇಡಿ.